ತಾರೀಖು ಬರೆಯುವುದೂ ಒಂದು ಪಾಠ

‘ಈ ದಿನ ತಾರೀಖು ಎಷ್ಟು?’ ಎಂಬುದಕ್ಕಿಂತ ಸುಲಭವಾದ ಪ್ರಶ್ನೆ ಶಾಲೆಯಲ್ಲಿ ಇನ್ನೊಂದಿಲ್ಲ. ಹಿಂದಿನ ಬೆಂಚಿನ ಹುಡುಗನೂ ಧೈರ್ಯವಾಗಿ ಕೈ ಎತ್ತುವ ಪ್ರಶ್ನೆ ಅದು. ತರಗತಿಯ ನಾಯಕ ಬೆಳಿಗ್ಗೆ ಕಪ್ಪು ಹಲಗೆಯ ಮೂಲೆಯಲ್ಲಿ ಬರೆದಿಟ್ಟ ತಾರೀಖನ್ನು ಸಂಜೆ ಒರೆಸುವವರೆಗೆ ಯಾರೂ ಎರಡನೆಯ ಸಲ ನೋಡುವುದಿಲ್ಲ. ಬಹಳ ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿರುವ ನಾನು ಈಚೆಗೆ ಆ ಮೂಲೆಯನ್ನೇ ಒಂದು ಪಾಠ ಮಾಡಿಕೊಂಡಿದ್ದೇನೆ.

ಹಲಗೆಯ ಮೇಲೆ 03/04/2023 ಎಂದು ಬರೆದು, ಇದು ಯಾವ ದಿನ ಎಂದು ಕೇಳುತ್ತೇನೆ. ‘ಏಪ್ರಿಲ್ ಮೂರು ಸಾರ್’ ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇದನ್ನೇ ಅಮೆರಿಕದ ಶಾಲೆಯೊಂದರಲ್ಲಿ ಕೇಳಿದರೆ ಮಕ್ಕಳು ಅಷ್ಟೇ ಧೈರ್ಯದಿಂದ ಮಾರ್ಚ್ 4 ಎನ್ನುತ್ತಾರೆ. ನಾವೂ ಇಂಗ್ಲೆಂಡಿನವರೂ ದಿನವನ್ನು ಮೊದಲು ಬರೆಯುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಚೀನಾ, ಜಪಾನ್, ಹಂಗೇರಿ ದೇಶಗಳಲ್ಲಿ ಇಸವಿಯೇ ಮೊದಲು. ಯಾರದೂ ತಪ್ಪಲ್ಲ. ಆದರೆ ಆ ಅಂಕಿಗಳನ್ನು ಮಾತ್ರ ನೋಡಿದವನಿಗೆ, ಬರೆದವನು ಯಾವ ಕಡೆಯವನು ಎಂಬುದು ತಿಳಿಯುವ ದಾರಿಯೇ ಇಲ್ಲ.

ಉತ್ತರಪತ್ರಿಕೆಯಲ್ಲಿ ‘ಉದ್ದ = 5’ ಎಂದಷ್ಟೇ ಬರೆದ ವಿದ್ಯಾರ್ಥಿಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಐದು ಏನು? ಮೀಟರೋ, ಸೆಂಟಿಮೀಟರೋ, ಮೊಳವೋ? ಏಕಮಾನವಿಲ್ಲದ ಸಂಖ್ಯೆ ಅರ್ಧ ಹೇಳಿದ ಮಾತು. ಮಂಗಳ ಗ್ರಹದ ಹವಾಮಾನವನ್ನು ತಿಳಿಯಲೆಂದು ಅಮೆರಿಕದ ನಾಸಾ ಸಂಸ್ಥೆ ಕಳುಹಿಸಿದ್ದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ 1999ರ ಸೆಪ್ಟೆಂಬರ್ 23ರಂದು ಕಣ್ಮರೆಯಾದದ್ದು ಇಂಥದೇ ಕಾರಣಕ್ಕೆ. ಒಂದು ಕಡೆಯ ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆಯದು ನ್ಯೂಟನ್ ಲೆಕ್ಕ ಎಂದುಕೊಂಡಿತು. ಅಂಕಿಗಳು ಸರಿಯಾಗಿಯೇ ಇದ್ದವು. ಅವುಗಳ ಅರ್ಥದ ಬಗ್ಗೆ ಇಬ್ಬರ ನಡುವೆ ಒಪ್ಪಂದವಿರಲಿಲ್ಲ. ತಾರೀಖಿನ ಕಥೆಯೂ ಇದೇ.

ಒಂದು ಅರ್ಜಿಯ ಕಥೆ

ಮಂಗಳ ಗ್ರಹದ ಮಾತು ದೂರದ್ದಾಯಿತು. ನಮ್ಮ ಊರಿನದನ್ನೇ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಓದಿದ ಒಬ್ಬ ಹುಡುಗಿ 2022ರಲ್ಲಿ ಪಿಯುಸಿ ಮುಗಿಸಿ ಒಂದು ತರಬೇತಿಗೆ ಅರ್ಜಿ ಹಾಕಿದಳು. ಆ ವರ್ಷದ ಆಗಸ್ಟ್ 1ಕ್ಕೆ 18 ತುಂಬಿರಬೇಕೆಂಬುದು ನಿಯಮ. ಅವಳು ಹುಟ್ಟಿದ್ದು 2004ರ ಫೆಬ್ರವರಿ 11ರಂದು. ಆರು ತಿಂಗಳ ಹಿಂದೆಯೇ 18 ತುಂಬಿತ್ತು. ಆದರೂ ಅರ್ಜಿ ತಿರಸ್ಕೃತವಾಯಿತು. ಕಾರಣ, ವಯಸ್ಸು ಸಾಲದು!

ಅವಳ ತಂದೆ ಲಗೇಜು ಆಟೋ ಓಡಿಸುವವರು. ಮಗಳನ್ನು ಕರೆದುಕೊಂಡು ಮನೆಗೆ ಬಂದರು. ‘ಮೇಷ್ಟ್ರೇ, ಮಗು ಹುಟ್ಟಿದ ದಿನ ನಮಗೆ ಗೊತ್ತಿಲ್ವಾ? ಇವರು ಯಾರು ಅದನ್ನ ಬದಲಾಯಿಸೋಕೆ?’ ಎಂದರು. ಆ ಪ್ರಶ್ನೆಗೆ ಉತ್ತರ ಹುಡುಕಲು ನಾವು ಮೂವರೂ ನಾಲ್ಕು ಸಲ ಅಲೆದೆವು.

ಆದದ್ದು ಇಷ್ಟು. ಅಂತರ್ಜಾಲದ ಅರ್ಜಿಯಲ್ಲಿ ಜನ್ಮದಿನಾಂಕವನ್ನು ಅವಳು ತುಂಬುವ ಹಾಗಿರಲಿಲ್ಲ. ಯಾವುದೋ ಹಳೆಯ ಪಟ್ಟಿಯಿಂದ ಅದು ತಾನಾಗಿ ಬಂದು ಕೂರುತ್ತಿತ್ತು. ಆ ಪಟ್ಟಿಯನ್ನು ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ಕಂಪ್ಯೂಟರಿಗೆ ಏರಿಸಿದ್ದರು. ಗುಮಾಸ್ತರು ಟೈಪು ಮಾಡಿದ್ದು 11/02/2004 ಎಂದೇ. ಆದರೆ ಆ ಕಂಪ್ಯೂಟರ್ ಅಮೆರಿಕದ ಪದ್ಧತಿಗೆ ಹೊಂದಿಸಿದ್ದಾಗಿತ್ತು. ಅದು ಹನ್ನೊಂದನ್ನು ತಿಂಗಳೆಂದು ಓದಿ, 2004ರ ನವೆಂಬರ್ 2 ಎಂದು ಡೇಟಾಬೇಸಿನಲ್ಲಿ ಬರೆದಿಟ್ಟಿತು. ಹುಡುಗಿ ಒಂದೇ ಏಟಿಗೆ ಒಂಬತ್ತು ತಿಂಗಳು ಚಿಕ್ಕವಳಾದಳು!

ಕಚೇರಿಯ ಹೆಸರು ಬೇಡ. ಅಲ್ಲಿದ್ದವರು ಕೆಟ್ಟವರೇನಲ್ಲ. ‘ಕಂಪ್ಯೂಟರಿನಲ್ಲಿ ಹಾಗಿದೆ, ನಾವೇನು ಮಾಡೋಣ ಸಾರ್’ ಎಂದರು. ಕೊನೆಗೆ ಕೈಹಿಡಿದದ್ದು ಶಾಲೆಯ ದಾಖಲಾತಿ ಪುಸ್ತಕ. ಅದರಲ್ಲಿ ಜನ್ಮದಿನಾಂಕವನ್ನು ಅಂಕಿಯಲ್ಲಿ ಬರೆದು ಪಕ್ಕದಲ್ಲೇ ಅಕ್ಷರದಲ್ಲೂ ಬರೆಯಬೇಕೆಂಬ ಪದ್ಧತಿಯುಂಟು. ‘ಹನ್ನೊಂದನೆಯ ಫೆಬ್ರವರಿ ಎರಡು ಸಾವಿರದ ನಾಲ್ಕು’ ಎಂಬ ದುಂಡು ಅಕ್ಷರದ ಬರಹವನ್ನು ಯಾವ ದೇಶದ ಪದ್ಧತಿಯಿಂದಲೂ ಬೇರೆ ರೀತಿ ಓದಲು ಸಾಧ್ಯವಿರಲಿಲ್ಲ. ತಿದ್ದುಪಡಿ ಆಯಿತು. ಆದರೆ ಅಷ್ಟರಲ್ಲಿ ಆಯ್ಕೆ ಪಟ್ಟಿ ಮುಗಿದಿತ್ತು. ಅವಳು ಮರುವರ್ಷ ಸೇರಿದಳು. ಒಂದು ವರ್ಷ ಹೋಯಿತು. ಕೇಳಿದರೆ ಯಾರೂ ಅದಕ್ಕೆ ಹೊಣೆಯಲ್ಲ.

ಅವಳ ಸಹಪಾಠಿಗಳ ತಾರೀಖನ್ನೂ ನೋಡಿದಾಗ ಇನ್ನೂ ಕೆಲವರದು ತಿರುಗಿ ಕೂತಿತ್ತು. ಆದರೆ ಎಲ್ಲರದೂ ಅಲ್ಲ. ಇಲ್ಲೊಂದು ಸ್ವಾರಸ್ಯದ ಲೆಕ್ಕವಿದೆ. ಮಕ್ಕಳು ಬೇಕಾದರೆ ಪೆನ್ಸಿಲ್ ಹಿಡಿಯಲಿ. ತಿಂಗಳು ಹನ್ನೆರಡೇ ಆದ್ದರಿಂದ 25/02 ಎಂಬುದನ್ನು ಕಂಪ್ಯೂಟರ್ ತಿಂಗಳು ಮೊದಲು ಎಂದು ಓದಲಾರದು. ಇಪ್ಪತ್ತೈದನೆಯ ತಿಂಗಳು ಇಲ್ಲವಲ್ಲ! ಅದು ತಕರಾರು ಮಾಡುತ್ತದೆ, ಅಥವಾ ತಾರೀಖಲ್ಲವೆಂದು ಹಾಗೇ ಬಿಡುತ್ತದೆ. ತೊಂದರೆ ಇರುವುದು 1ರಿಂದ 12ರವರೆಗಿನ ದಿನಗಳಲ್ಲಿ. ಹನ್ನೆರಡು ತಿಂಗಳು, ತಿಂಗಳಿಗೆ ಅಂಥ ಹನ್ನೆರಡು ದಿನ, ಒಟ್ಟು 144. ಅದರಲ್ಲಿ 1/1, 2/2, 3/3 ಹೀಗೆ ಹನ್ನೆರಡು ದಿನಗಳು ತಿರುಗಿಸಿದರೂ ಅವೇ. ಉಳಿದದ್ದು 132. ವರ್ಷದ 365 ದಿನಗಳಲ್ಲಿ 132 ದಿನಗಳು ಸದ್ದಿಲ್ಲದೆ ಬೇರೆ ದಿನಗಳಾಗಬಲ್ಲವು. ನಲವತ್ತು ಮಕ್ಕಳ ತರಗತಿಯಲ್ಲಿ ಸರಾಸರಿ ಹದಿನಾಲ್ಕು ಮಕ್ಕಳು! ಗದ್ದಲ ಮಾಡುವ ತಪ್ಪು ಅಪಾಯಕಾರಿಯಲ್ಲ, ಅದನ್ನು ಯಾರಾದರೂ ಹಿಡಿಯುತ್ತಾರೆ. ಸುಮ್ಮನೆ ಕೂತ ತಪ್ಪೇ ಅಪಾಯ.

ಮಳೆ ಪುಸ್ತಕ ಕಲಿಸಿದ್ದು

ಹಾಗಾದರೆ ಸರಿಯಾಗಿ ಬರೆಯುವುದು ಹೇಗೆ? ಇದನ್ನು ನಮ್ಮ ಮಕ್ಕಳು ಮಳೆಯಿಂದ ಕಲಿತರು. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿದೆ. ಮಕ್ಕಳು ದಿನವೂ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಕಂಪ್ಯೂಟರ್ ಬಂದ ಮೇಲೆ ಅದನ್ನೆಲ್ಲ ಒಂದು ಕೋಷ್ಟಕಕ್ಕೆ ಏರಿಸುವ ಉತ್ಸಾಹ ಒಂಬತ್ತನೆಯ ತರಗತಿಯವರಿಗೆ ಬಂತು. ತಾರೀಖನ್ನು 01-06-2023 ಎಂಬಂತೆ ಮಾಮೂಲಿ ಅಕ್ಷರಗಳಾಗಿಯೇ ತುಂಬಿದರು. ಕ್ರಮವಾಗಿ ಜೋಡಿಸು ಎಂದು ಕಂಪ್ಯೂಟರಿಗೆ ಹೇಳಿದಾಗ ಜೂನ್ 1ರ ಕೆಳಗೆ ಜುಲೈ 1, ಅದರ ಕೆಳಗೆ ಆಗಸ್ಟ್ 1 ಬಂದು ನಿಂತವು. ಎಲ್ಲ ತಿಂಗಳ ಒಂದನೇ ತಾರೀಖುಗಳು ಒಟ್ಟಿಗೆ, ಆಮೇಲೆ ಎಲ್ಲ ಎರಡನೇ ತಾರೀಖುಗಳು! ‘ಸಾರ್, ಇದು ಡಿಕ್ಷನರಿ ಥರ ಜೋಡಿಸಿದೆ’ ಎಂದಳು ಒಬ್ಬ ಹುಡುಗಿ. ಅವಳ ಮಾತು ಸರಿಯಾಗಿತ್ತು. ಅಕ್ಷರವೆಂದು ಕೊಟ್ಟದ್ದನ್ನು ಅದು ಎಡದಿಂದ ಒಂದೊಂದೇ ಅಕ್ಷರ ಹೋಲಿಸಿ ಜೋಡಿಸುತ್ತದೆ.

ಇಸವಿಯನ್ನು ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರೆದು ನೋಡಿ ಎಂದೆ. 2023-06-01, 2023-06-02, 2023-07-01. ಎಲ್ಲವೂ ಸಾಲಾಗಿ ನಿಂತವು. ಒಬ್ಬ ಹುಡುಗ ಆರನೆಯ ತಿಂಗಳನ್ನು 06 ಎನ್ನುವ ಬದಲು ಬರೀ 6 ಎಂದು ಬರೆದಿದ್ದ. ಅಕ್ಟೋಬರಿನ 10 ಅವನ 6ಕ್ಕಿಂತ ಮೇಲೆ ಹೋಗಿ ಕೂತಿತು. ಮುಂದಿನ ಸೊನ್ನೆ ಅಲಂಕಾರಕ್ಕಲ್ಲ ಎಂಬುದು ಅವನಿಗೆ ನಾನು ಹೇಳದೆಯೇ ತಿಳಿಯಿತು.

ದೊಡ್ಡದು ಮೊದಲು, ಸಣ್ಣದು ಆಮೇಲೆ. ನಾವು ಎಲ್ಲ ಸಂಖ್ಯೆಗಳನ್ನೂ ಬರೆಯುವುದು ಹೀಗೆಯೇ ಅಲ್ಲವೇ? ಸಾವಿರ, ನೂರು, ಹತ್ತು, ಬಿಡಿ. ಗಡಿಯಾರದ ಕಾಲವನ್ನೂ ಗಂಟೆ, ನಿಮಿಷ, ಸೆಕೆಂಡು ಎಂದೇ ಹೇಳುತ್ತೇವೆ. ತಾರೀಖೊಂದನ್ನು ಮಾತ್ರ ಬಾಲದಿಂದ ಬರೆಯುತ್ತೇವೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 1988ರಲ್ಲಿ ಇದಕ್ಕಾಗಿಯೇ 8601 ಎಂಬ ಸಂಖ್ಯೆಯ ಒಂದು ಮಾನಕ ಹೊರಡಿಸಿತು. ನಾಲ್ಕು ಅಂಕಿಯ ಇಸವಿ, ಎರಡು ಅಂಕಿಯ ತಿಂಗಳು, ಎರಡು ಅಂಕಿಯ ದಿನ, ನಡುವೆ ಅಡ್ಡಗೆರೆ. ಹೆಚ್ಚಿನ ಡೇಟಾಬೇಸ್‌ಗಳು ಸಂತೋಷದಿಂದ ಒಪ್ಪುವ ರೂಪ ಇದೇ.

ಕಂಪ್ಯೂಟರ್ ಕಲಿಯುವ ಮಕ್ಕಳು ಇನ್ನೊಂದು ಮಾತು ನೆನಪಿಡಬೇಕು. ಡೇಟಾಬೇಸಿನಲ್ಲಿ ತಾರೀಖಿಗೆಂದೇ ಪ್ರತ್ಯೇಕ ಜಾತಿಯ ಅಂಕಣವಿರುತ್ತದೆ. ತಾರೀಖನ್ನು ಅಕ್ಷರಗಳ ಅಂಕಣದಲ್ಲಿ ತುರುಕಬಾರದು. ಅಕ್ಕಿಯನ್ನು ಅಕ್ಕಿ ಡಬ್ಬಿಯಲ್ಲೇ ಹಾಕಬೇಕು. ತಾರೀಖಿನ ಅಂಕಣದಲ್ಲಿದ್ದರೆ ಅದನ್ನು ಕಳೆಯಬಹುದು, ವಯಸ್ಸು ಲೆಕ್ಕ ಹಾಕಬಹುದು, ಮತ್ತು ಯಾರಾದರೂ ಫೆಬ್ರವರಿ 30 ಎಂದು ಬರೆದರೆ ಒಳ್ಳೆಯ ಡೇಟಾಬೇಸ್ ಒಪ್ಪುವುದಿಲ್ಲ. ಒಳಗೆ ಒಂದೇ ರೂಪದಲ್ಲಿ ಇಟ್ಟು, ಪರದೆಯ ಮೇಲೆ ತೋರಿಸುವಾಗ ನೋಡುವವರ ಪದ್ಧತಿಗೆ ತಕ್ಕಂತೆ ಬದಲಾಯಿಸುವುದು ಜಾಣತನ. ಅಜ್ಜನಿಗೆ 11-02-2004 ಎಂದೇ ತೋರಿಸಿ, ತೊಂದರೆಯಿಲ್ಲ. ಕಣಜದಲ್ಲಿ ಮಾತ್ರ ಒಂದೇ ಅಳತೆ ಇರಲಿ.

ಕಂಪ್ಯೂಟರಿನ ಊಹೆಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜೀವಶಾಸ್ತ್ರದಲ್ಲೊಂದು ತಮಾಷೆಯ ನಿದರ್ಶನವಿದೆ. ಮನುಷ್ಯನ ಕೆಲವು ವಂಶವಾಹಿಗಳಿಗೆ ‘ಮಾರ್ಚ್1’, ‘ಸೆಪ್ಟ್2’ ಎಂಬಂಥ ಚುಟುಕು ಹೆಸರುಗಳಿದ್ದವು. ಎಕ್ಸೆಲ್ ಕೋಷ್ಟಕದಲ್ಲಿ ಹಾಗೆ ಟೈಪು ಮಾಡಿದೊಡನೆ ಅದು ತಾರೀಖೆಂದುಕೊಂಡು ಮಾರ್ಚ್ 1, ಸೆಪ್ಟೆಂಬರ್ 2 ಎಂದು ಬದಲಾಯಿಸಿಬಿಡುತ್ತಿತ್ತು. ಸಂಶೋಧನ ಪತ್ರಿಕೆಗಳಿಗೂ ಈ ತಪ್ಪು ನುಸುಳಿತು. ಕೊನೆಗೆ 2020ರಲ್ಲಿ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಅವುಗಳ ಹೆಸರನ್ನು ಬದಲಾಯಿಸಿದ್ದಾಗಿ ಪ್ರಕಟಿಸಿತು!

ಶಾಸನ ಬರೆದವರ ಜಾಣತನ

ದೊಡ್ಡದರಿಂದ ಸಣ್ಣದಕ್ಕೆ ಬರುವ ಈ ಕ್ರಮ ನಮಗೆ ಹೊಸದೇನಲ್ಲ. ನಮ್ಮ ಶಾಸನಗಳನ್ನು ನೋಡಿ. ಶಕವರ್ಷದ ಸಂಖ್ಯೆ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ. ಎಷ್ಟೋ ಶಾಸನಗಳಲ್ಲಿ ಕಾಲ ಇದೇ ಕ್ರಮದಲ್ಲಿ ಇಳಿದು ಬರುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಒಂದು ಶಾಸನವಿದೆ. ಶಕರಾಜನ ಪಟ್ಟಾಭಿಷೇಕದಿಂದ ಐನೂರು ವರ್ಷಗಳು ಕಳೆದ ಮೇಲಿನ ಕಾರ್ತಿಕ ಹುಣ್ಣಿಮೆ ಎಂದು ಅದು ಹೇಳುತ್ತದೆ. ಅಂದರೆ ಕ್ರಿ.ಶ. 578. ಎಷ್ಟು ಎಚ್ಚರ ನೋಡಿ! ಲೆಕ್ಕ ಎಲ್ಲಿಂದ ಶುರು ಎಂಬುದನ್ನು ಹೇಳಿದೆ. ವರ್ಷ ನಡೆಯುತ್ತಿರುವುದೋ ಕಳೆದದ್ದೋ ಎಂಬುದನ್ನೂ ಹೇಳಿದೆ. ಐನೂರನ್ನು ಅಂಕಿಯಲ್ಲಲ್ಲ, ಮಾತಿನಲ್ಲಿ ಬರೆದಿದೆ. ಸಾವಿರದ ನಾನೂರು ವರ್ಷ ದಾಟಿ ಬಂದ ಓದುಗನಿಗೂ ಗೊಂದಲವಿಲ್ಲ.

ಸಂವತ್ಸರದ ಹೆಸರೊಂದನ್ನೇ ಬರೆದಿದ್ದರೆ ಆಗುತ್ತಿರಲಿಲ್ಲ. ಏಕೆಂದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ನಾನು ಹುಟ್ಟಿದ್ದು ಸಾಧಾರಣ ಸಂವತ್ಸರದಲ್ಲಿ ಎಂದು ನಮ್ಮ ತಾಯಿ ಹೇಳುತ್ತಿದ್ದರು. ಅದು 1970ರಲ್ಲಿ ಬಂದಿತ್ತು. ಅದಕ್ಕೆ ಮೊದಲು 1910ರಲ್ಲಿ, ಮುಂದೆ 2030ರಲ್ಲಿ. ಸಂವತ್ಸರ ಮಾತ್ರ ಹೇಳಿದರೆ ನಾನೂ ನಮ್ಮ ಅಜ್ಜನೂ ಒಂದೇ ವಯಸ್ಸಿನವರಾಗಬಹುದು!

ಕಂಪ್ಯೂಟರಿನ ಲೋಕವನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ನಡುಗಿಸಿದ ‘ವೈಟುಕೆ’ ಸಮಸ್ಯೆಯೂ ಬೇರೇನಲ್ಲ, ಅದು ನೂರು ವರ್ಷದ ಸಂವತ್ಸರ ಚಕ್ರ. ಒಂದು ಕಾಲದಲ್ಲಿ ಕಂಪ್ಯೂಟರಿನ ನೆನಪಿನ ಶಕ್ತಿ ತುಂಬ ದುಬಾರಿಯಾಗಿತ್ತು. ಒಂದು ರಂಧ್ರದ ಕಾರ್ಡಿನಲ್ಲಿ ಎಂಬತ್ತು ಅಕ್ಷರಗಳಿಗಷ್ಟೇ ಜಾಗ. ಜಾಗ ಉಳಿಸಲು 1965 ಎನ್ನುವ ಬದಲು 65 ಎಂದಷ್ಟೇ ಬರೆದರು. 2000 ಬಂದಾಗ 00 ಎಂಬುದು 1900 ಆಗಿಬಿಟ್ಟರೆ? ಅದನ್ನು ಸರಿಪಡಿಸುವ ಕೆಲಸ ನಮ್ಮ ದೇಶದ ಎಷ್ಟೋ ಎಂಜಿನಿಯರುಗಳಿಗೆ ಹೊರದೇಶಗಳ ಬಾಗಿಲು ತೆರೆಯಿತು ಎಂಬುದು ಬೇರೆ ಮಾತು. ಆದರೆ ಎರಡಂಕಿಯ ಚಾಳಿ ಇನ್ನೂ ಹೋಗಿಲ್ಲ. ಮೈಎಸ್‌ಕ್ಯೂಎಲ್ ಎಂಬ ಜನಪ್ರಿಯ ಡೇಟಾಬೇಸಿಗೆ ಎರಡಂಕಿಯ ಇಸವಿ ಕೊಟ್ಟರೆ 70ರಿಂದ 99ರವರೆಗಿನದನ್ನು 1900ರ ಸಾಲಿಗೂ, 00ಯಿಂದ 69ರವರೆಗಿನದನ್ನು 2000ದ ಸಾಲಿಗೂ ಸೇರಿಸುತ್ತದೆ. 1948ರಲ್ಲಿ ಹುಟ್ಟಿದ ಅಜ್ಜಿಯ ಇಸವಿಯನ್ನು 48 ಎಂದು ಬರೆದರೆ ಅವಳು 2048ರಲ್ಲಿ ಹುಟ್ಟಲಿದ್ದಾಳೆ ಎಂದಾಯಿತು. ಇನ್ನೂ ಹುಟ್ಟದವಳಿಗೆ ಪಿಂಚಣಿ ಕೊಡುವವರು ಯಾರು?

ನಮ್ಮ ಖಗೋಳಶಾಸ್ತ್ರಜ್ಞರು ಇನ್ನೊಂದು ಉಪಾಯವನ್ನೂ ಬಲ್ಲವರಾಗಿದ್ದರು. ಅದರ ಹೆಸರು ಅಹರ್ಗಣ, ಅಂದರೆ ದಿನಗಳ ಎಣಿಕೆ. ಕಲಿಯುಗದ ಆರಂಭವೆಂದು ಹಿಡಿದ ಕ್ರಿ.ಪೂ. 3102ರ ಫೆಬ್ರವರಿ 18ರಿಂದ ಎಷ್ಟು ದಿನ ಕಳೆದವು ಎಂದು ಎಣಿಸಿ, ಆ ಒಂದೇ ಸಂಖ್ಯೆಯಿಂದ ಗ್ರಹಗಳ ಸ್ಥಾನ ಲೆಕ್ಕ ಹಾಕುತ್ತಿದ್ದರು. ತಿಂಗಳು, ಅಧಿಕಮಾಸ ಯಾವುದರ ಗೋಜೂ ಇಲ್ಲ. ಇಂದು ಪ್ರಪಂಚದ ಬಹುಪಾಲು ಕಂಪ್ಯೂಟರುಗಳು ಒಳಗೊಳಗೆ ಮಾಡುವುದೂ ಇದನ್ನೇ. ಯುನಿಕ್ಸ್ ಪದ್ಧತಿಯಲ್ಲಿ 1970ರ ಜನವರಿ 1ರ ಮೊದಲ ಕ್ಷಣದಿಂದ ಸೆಕೆಂಡುಗಳನ್ನು ಎಣಿಸುತ್ತಾರೆ. ಅದು ಕಂಪ್ಯೂಟರಿನ ಕಲಿಯುಗಾರಂಭ ಎನ್ನಿ.

ಈ ಎಣಿಕೆಗೂ ಪಾತ್ರೆ ಸಾಲದೆ ಬರುವುದುಂಟು. ಹಳೆಯ ಯಂತ್ರಗಳು 32 ಬಿಟ್ಟುಗಳ ಜಾಗದಲ್ಲಿ ಈ ಸಂಖ್ಯೆಯನ್ನಿಡುತ್ತವೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ಆ ಸೆಕೆಂಡು ಬರುವುದು ನಮ್ಮ ಗಡಿಯಾರದಲ್ಲಿ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣವೇ ಅಂಥ ಯಂತ್ರಗಳಿಗೆ 1901ರ ಡಿಸೆಂಬರ್ ಬಂದುಬಿಡುತ್ತದೆ. ಹೊಸ ಯಂತ್ರಗಳು 64 ಬಿಟ್ಟುಗಳನ್ನು ಬಳಸುವುದರಿಂದ ಅವುಗಳಿಗೆ ಭಯವಿಲ್ಲ. ಆದರೆ ಹಳೆಯವನ್ನು ಹುಡುಕಿ ಸರಿಪಡಿಸುವವರು ಬೇಕಲ್ಲ? ಅವರು ಈಗ ನಮ್ಮ ಶಾಲೆಗಳ ಬೆಂಚುಗಳ ಮೇಲೇ ಕೂತಿದ್ದಾರೆ.

ಎಂಟೂವರೆಯ ಗುಟ್ಟು

ತಾರೀಖಾಯಿತು, ಇನ್ನು ಗಂಟೆ. ಮಳೆಮಾಪಕವನ್ನು ನಾವು ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ ನೋಡುತ್ತೇವೆ. ಭಾರತದ ಹವಾಮಾನ ಇಲಾಖೆಯ ಕ್ರಮವೂ ಅದೇ. ‘ಎಂಟೂವರೆಯೇ ಏಕೆ ಸಾರ್, ಎಂಟಕ್ಕೆ ಯಾಕಿಲ್ಲ?’ ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಉತ್ತರ ಭೂಪಟದಲ್ಲಿದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಕಾಲಮಾನ ಪೂರ್ವಕ್ಕೆ 82.5 ಡಿಗ್ರಿ ರೇಖಾಂಶದ್ದು. ಭಾಗಿಸಿದರೆ ಐದೂವರೆ ಗಂಟೆ ಬರುತ್ತದೆ. ಯುಟಿಸಿ ಎಂದು ಕರೆಯುವ ಜಗತ್ತಿನ ಸಾಮಾನ್ಯ ಕಾಲದಲ್ಲಿ ಮೂರು ಗಂಟೆಯಾದಾಗ ನಮಗೆ ಎಂಟೂವರೆ. ಬೇರೆ ಬೇರೆ ದೇಶದ ಹವಾಮಾನದವರು ಒಂದೇ ಕ್ಷಣದಲ್ಲಿ ಅಳೆದರೆ ತಾನೇ ನಕ್ಷೆ ಬರೆಯಲು ಸಾಧ್ಯ? ನಿನ್ನೆ ಸಂಜೆ ಸುರಿದ ಮಳೆ ಇಂದಿನ ತಾರೀಖಿನಲ್ಲಿ ದಾಖಲಾಗುವುದೂ ಇದರಿಂದಲೇ. ಇಂದು ಎಂಟೂವರೆಗೆ ಮುಗಿದ 24 ಗಂಟೆಗಳ ಮಳೆ ಇಂದಿನದು. ಇದು ಎಲ್ಲರೂ ಮೊದಲೇ ಮಾಡಿಕೊಂಡ ಒಪ್ಪಂದ.

ಡೇಟಾಬೇಸಿಗೂ ಇದೇ ನೀತಿ. ಒಂದು ಘಟನೆ ನಡೆದ ಕ್ಷಣವನ್ನು, ಉದಾಹರಣೆಗೆ ಅರ್ಜಿ ತಲುಪಿದ ಹೊತ್ತನ್ನು, ಯುಟಿಸಿಯಲ್ಲಿ ಬರೆದಿಟ್ಟು ತೋರಿಸುವಾಗ ಆಯಾ ಊರಿನ ಕಾಲಕ್ಕೆ ಬದಲಾಯಿಸುವುದು ವಾಡಿಕೆ. ಇಲ್ಲವೇ ಸ್ಥಳೀಯ ಕಾಲದ ಕೊನೆಯಲ್ಲಿ +05:30 ಎಂದು ಸೇರಿಸಬೇಕು. ಬೆಂಗಳೂರಿನಲ್ಲಿ ಕುಳಿತವನಿಗೂ ಬೋಸ್ಟನ್ನಿನಲ್ಲಿ ಕುಳಿತವನಿಗೂ ಆಗ ಅದು ಒಂದೇ ಕ್ಷಣ. ಬರೀ ‘ಹತ್ತು ಗಂಟೆ’ ಎಂಬುದು ಏಕಮಾನವಿಲ್ಲದ ಸಂಖ್ಯೆ.

ಆದರೆ ಇಲ್ಲೊಂದು ಹಳ್ಳವಿದೆ, ಕಲಿತವರೂ ಬೀಳುವಂಥದು. ಜನ್ಮದಿನ ಒಂದು ಕ್ಷಣವಲ್ಲ. ಅದು ಪಂಚಾಂಗದ ಒಂದು ಹಾಳೆ. ಅದನ್ನೂ ಗಂಟೆಯ ಸಮೇತ ಬರೆಯಲು ಹೋದರೆ ಕಂಪ್ಯೂಟರ್ ಫೆಬ್ರವರಿ 11ರ ಮಧ್ಯರಾತ್ರಿ 00:00 ಎಂದು ಹಿಡಿಯುತ್ತದೆ. ಯುಟಿಸಿಗೆ ಬದಲಾಯಿಸುವಾಗ ಐದೂವರೆ ಗಂಟೆ ಕಳೆಯುತ್ತದೆ. ಆಗ ಅದು ಫೆಬ್ರವರಿ 10ರ ಸಂಜೆ ಆರೂವರೆ! ಗಂಟೆಯನ್ನು ಕತ್ತರಿಸಿ ದಿನವನ್ನಷ್ಟೇ ತೋರಿಸಿದರೆ ಮಗು ಒಂದು ದಿನ ಮೊದಲೇ ಹುಟ್ಟಿರುತ್ತದೆ. ಆದ್ದರಿಂದ ಜನ್ಮದಿನಾಂಕಕ್ಕೆ ಬರೀ ತಾರೀಖಿನ ಅಂಕಣ, ಘಟನೆಗೆ ಗಂಟೆಯ ಅಂಕಣ. ಎರಡನ್ನೂ ಬೆರೆಸಬಾರದು.

ಮಧ್ಯರಾತ್ರಿ ಮೊದಲಿನಿಂದಲೂ ತಂಟೆಯದೇ. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರುವಾಗುತ್ತದೆ, ಗಡಿಯಾರದ ದಿನ ನಡುರಾತ್ರಿಗೆ. ಹದಿನೈದನೆಯ ತಾರೀಖಿನ 00:15ರ ರೈಲಿಗೆ ಹದಿನೈದರ ರಾತ್ರಿ ಊಟ ಮುಗಿಸಿ ಹೊರಟು, ರೈಲು ಹಿಂದಿನ ರಾತ್ರಿಯೇ ಹೋಯಿತೆಂದು ತಿಳಿದು ಪೆಚ್ಚಾದವರು ನಿಮ್ಮ ನೆಂಟರಲ್ಲೂ ಒಬ್ಬರಿರಬಹುದು. ಅರ್ಜಿಯ ಕಡೆಯ ದಿನ ‘31ರ ರಾತ್ರಿ 12’ ಎಂದಿದ್ದರೆ 30 ಮುಗಿಯುವ ಹೊತ್ತೋ, 31 ಮುಗಿಯುವ ಹೊತ್ತೋ? 31ರ ರಾತ್ರಿ 11:59 ಎಂದು ಬರೆದವನು ಓದುಗರ ಕಷ್ಟ ಬಲ್ಲವನು.

ಪ್ರೋಗ್ರಾಂ ಬರೆಯುವ ಮಕ್ಕಳಿಗೆ ಇನ್ನೊಂದು ಎಚ್ಚರಿಕೆ. ತಾರೀಖಿನ ರೂಪ ಹೇಳುವಾಗ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಜಾವಾ ಭಾಷೆಯಲ್ಲಿ ದೊಡ್ಡ ‘ಎಂ’ ತಿಂಗಳು, ಸಣ್ಣ ‘ಎಂ’ ನಿಮಿಷ. ಪೈಥಾನಿನಲ್ಲಿ ಸರಿಯಾಗಿ ತಿರುಗಾಮುರುಗಾ! ಜಾವಾದಲ್ಲಿ ಸಣ್ಣ ‘ವೈ’ ಇಸವಿಯಾದರೆ ದೊಡ್ಡ ‘ವೈ’ ವಾರಗಳ ಲೆಕ್ಕದ ಇಸವಿ. ಅದನ್ನು ಬಳಸಿದರೆ ವರ್ಷವಿಡೀ ಸರಿಯಾಗಿ ನಡೆದು, 2019ರ ಡಿಸೆಂಬರ್ 31ರಂದು ಇಸವಿ 2020 ಎಂದು ತೋರಿಸುತ್ತದೆ. ದೊಡ್ಡ ‘ಡಿ’ ಬಳಸಿದರೆ ತಿಂಗಳ ದಿನವಲ್ಲ, ವರ್ಷದ ದಿನ. ಫೆಬ್ರವರಿ 11 ಆಗ 42 ಆಗುತ್ತದೆ. ಆದ್ದರಿಂದ ಪರೀಕ್ಷಿಸಿ ನೋಡುವಾಗ ಜನವರಿ 1ರಂಥ ಸಾಧು ತಾರೀಖನ್ನು ಕೊಡಬೇಡಿ. ದಿನ 12ಕ್ಕಿಂತ ದೊಡ್ಡದಿರುವುದು, ವರ್ಷದ ಕಡೆಯ ದಿನ, ಫೆಬ್ರವರಿ 29, ಹೀಗೆ ತಂಟೆಕೋರ ತಾರೀಖುಗಳನ್ನೇ ಆರಿಸಿ ಕೊಡಿ. ಪ್ರಯೋಗಶಾಲೆಯಲ್ಲಿ ತಕ್ಕಡಿಯನ್ನು ಪರೀಕ್ಷಿಸುವುದೂ ಹೀಗೆಯೇ ತಾನೆ?

ಗೊತ್ತಿಲ್ಲದ್ದಕ್ಕೂ ಒಂದು ಜಾಗ

ಪೋಷಕರಿಗೆ ನನ್ನ ವಿನಂತಿ ಚಿಕ್ಕದು. ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್, ಅಂಕಪಟ್ಟಿ ಇವೆಲ್ಲವನ್ನೂ ಒಂದು ಭಾನುವಾರ ಮೇಜಿನ ಮೇಲೆ ಹರಡಿ ತಾರೀಖನ್ನು ಒಂದರೊಡನೆ ಇನ್ನೊಂದನ್ನು ಹೋಲಿಸಿ. ಮಗುವಿನ ದಿನ 12ರ ಒಳಗಿದ್ದರಂತೂ ಎರಡು ಸಲ ನೋಡಿ. ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾಗುವ ಮೊದಲು ಶಾಲೆಯಲ್ಲಿ ಹೆಸರು, ತಾರೀಖು ಸರಿಯಿದೆಯೇ ಎಂದು ಸಹಿ ಕೇಳಿದಾಗ ಓದಿ ಸಹಿ ಮಾಡಿ. ಅಂತರ್ಜಾಲದ ಅರ್ಜಿಯಲ್ಲಿ ತಾರೀಖು ತಾನಾಗಿ ಬಂದು ಕೂತರೆ ನಂಬಬೇಡಿ. ಕೈಯಲ್ಲಿ ಬರೆಯುವಾಗ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ. ಎರಡು ಗೆರೆ ಹೆಚ್ಚು ಬರೆಯಬೇಕಾದೀತು, ಅಷ್ಟೇ.

ಕೊನೆಯದಾಗಿ ಒಂದು ಮಾತು. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ತಿರುವಿದರೆ ಸಾಲುಸಾಲಾಗಿ ಜೂನ್ 1ರಂದು ಹುಟ್ಟಿದ ಮಕ್ಕಳು ಸಿಗುತ್ತಾರೆ. ಊರಿನ ಅರ್ಧ ಮಕ್ಕಳು ಒಂದೇ ದಿನ ಹುಟ್ಟಿದರೇ? ಇಲ್ಲ. ತಾಯಿಗೆ ‘ಆರಿದ್ರಾ ಮಳೆ ಜೋರಾಗಿದ್ದಾಗ’ ಎಂದು ಗೊತ್ತಿತ್ತು, ‘ಹಬ್ಬದ ಹಿಂದಿನ ವಾರ’ ಎಂದು ಗೊತ್ತಿತ್ತು. ಆದರೆ ಪುಸ್ತಕದ ಅಂಕಣ ಮೂರು ಅಂಕಿಗಳನ್ನೇ ಬೇಡುತ್ತಿತ್ತು. ಶಾಲೆ ತೆರೆಯುವ ದಿನಕ್ಕೆ ವಯಸ್ಸು ಸರಿಹೋಗುವಂತೆ ಆಗಿನ ಮೇಷ್ಟ್ರು ಒಂದು ತಾರೀಖು ಬರೆದರು. ಮಗುವನ್ನು ಶಾಲೆಯ ಒಳಗೆ ಕರೆದುಕೊಳ್ಳಬೇಕಿತ್ತು, ಕರೆದುಕೊಂಡರು. ಆ ಮಕ್ಕಳು ಬೆಳೆದು ನೌಕರಿ ಹಿಡಿದು ಮೇ 31ರಂದು ಗುಂಪಾಗಿ ನಿವೃತ್ತರಾಗುವುದನ್ನು ನಾನು ಕಂಡಿದ್ದೇನೆ.

ಇಂದಿನ ಡೇಟಾಬೇಸುಗಳಲ್ಲೂ ಜೂನ್ 1ರ ತಮ್ಮಂದಿರಿದ್ದಾರೆ. ತಾರೀಖು ತಿಳಿಯದಾಗ 1900ರ ಜನವರಿ 1 ಎಂದೋ 1970ರ ಜನವರಿ 1 ಎಂದೋ ತುಂಬಿಬಿಡುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಅದು ಊಹೆಯೆಂದು ಹೇಳುವವರು ಯಾರೂ ಇರುವುದಿಲ್ಲ, ಅಂಕಿಯೇ ಸತ್ಯವಾಗಿಬಿಡುತ್ತದೆ. ಡೇಟಾಬೇಸಿನಲ್ಲಿ ‘ನಲ್’ ಎಂಬ ಒಂದು ಗುರುತಿದೆ. ಸೊನ್ನೆಯೂ ಅಲ್ಲ, ಖಾಲಿ ಅಕ್ಷರವೂ ಅಲ್ಲ. ‘ಇದು ನಮಗೆ ತಿಳಿದಿಲ್ಲ’ ಎಂಬುದನ್ನು ಪ್ರಾಮಾಣಿಕವಾಗಿ ಹೇಳುವ ಗುರುತು. ವಿಜ್ಞಾನದ ಪಾಠದಲ್ಲಿ ನಾನು ಅತ್ಯಂತ ಗೌರವದಿಂದ ಕಲಿಸುವ ಸಂಗತಿಗಳಲ್ಲಿ ಅದೂ ಒಂದು. ತಿಳಿದದ್ದನ್ನು ಯಾರೂ ತಪ್ಪಾಗಿ ಓದದಂತೆ ಬರೆಯುವುದು, ತಿಳಿಯದ್ದನ್ನು ತಿಳಿದಂತೆ ಬರೆಯದಿರುವುದು. ಇವೆರಡನ್ನು ಕಲಿತ ಮಗು ಮುಂದೆ ಕಂಪ್ಯೂಟರ್ ಕಲಿಯಲಿ, ಕಚೇರಿಯ ಗುಮಾಸ್ತನಾಗಲಿ, ಯಾರದೋ ಮನೆಯ ಮಗುವಿನ ಒಂದು ವರ್ಷವನ್ನು ಉಳಿಸುತ್ತದೆ.